ಸಾರಿ ಕೇಳುವ ಜಾಗ

ಆ ಫರ್ನಿಚರ್ ಕಾರ್ಖಾನೆಯಲ್ಲಿ ಕೆಲಸ ಕೆಡಿಸಿದವನು ಎಲ್ಲರೆದುರು ಸಾರಿ ಕೇಳಬೇಕಿತ್ತು. ಯಜಮಾನರ ಕಟ್ಟಪ್ಪಣೆ. ಅಳತೆ ತಪ್ಪಿ ಹಲಗೆ ಕೊಯ್ದಿರೋ, ಹಸಿ ಪಾಲಿಶ್ ಮೇಲೆ ಬೆರಳಿಟ್ಟಿರೋ, ಯಂತ್ರಗಳೆಲ್ಲ ನಿಲ್ಲುತ್ತಿದ್ದವು. ತಪ್ಪು ಮಾಡಿದವನು ನಡುವಿನ ಉದ್ದ ಮೇಜಿನ ಮುಂದೆ ನಿಂತು ಗಟ್ಟಿಯಾಗಿ ಆ ಪದ ಹೇಳಬೇಕು, ಯಜಮಾನರು ತಲೆಯಾಡಿಸಬೇಕು, ಆಮೇಲೆ ಕೆಲಸ ಮುಂದುವರಿಯಬೇಕು.

"ಕ್ಷಮಿಸಿ ಅಂದ್ರೆ ನಾಟಕದ ಮಾತು, ತಪ್ಪಾಯ್ತು ಅಂದ್ರೆ ಅಳು ಬರುತ್ತೆ. ಸಾರಿ ಅಂದ್ರೆ ನೀಟಾಗಿ ಮುಗೀತು ನೋಡಿ" ಎನ್ನುತ್ತಿದ್ದರು ಯಜಮಾನರು. ಅಲ್ಲಿನ ಹಿರಿಯ ಕೆಲಸಗಾರ ಮೇಸ್ತ್ರಿಗೂ ಅದು ಸರಿ ಎನಿಸುತ್ತಿತ್ತು. ಅಷ್ಟು ವರ್ಷಗಳ ಬಡಗಿ ಕೆಲಸದಲ್ಲಿ ಅವನು ಆ ಮೇಜಿನ ಮುಂದೆ ನಿಂತದ್ದೇ ಅಪರೂಪ, ಹಾಗಾಗಿ ಸರಿ ಎನಿಸಲು ಅಡ್ಡಿಯೇನೂ ಇರಲಿಲ್ಲ.

ಒಮ್ಮೆ ದಪ್ಪ ಹಲಗೆಗಳ ಅವಸರದ ಆರ್ಡರ್ ಬಂತು. ಗರಗಸದ ಮೇಲಿನ ರಕ್ಷಣೆಯ ಮುಚ್ಚಳ ಅಡ್ಡ ಬರುತ್ತದೆಂದು ಯಜಮಾನರು ಖುದ್ದಾಗಿ ನಿಂತು ಅದನ್ನು ಬಿಚ್ಚಿಸಿದರು. ಮೇಸ್ತ್ರಿ ಬೇಡವೆಂದ.

"ನಿನ್ನಂಥ ಪಳಗಿದ ಕೈಗೆ ಏನಾಗುತ್ತಯ್ಯ?"

ಅದೇ ವಾರ ಆ ಪಳಗಿದ ಬಲಗೈಯ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು.

ಯಜಮಾನರು ಆಸ್ಪತ್ರೆಗೆ ಹಣ್ಣು ತಂದರು, ಔಷಧಿ ಕೊಡಿಸಿದರು, ಗಾಯ ಮಾಯ್ದ ಮೇಲೆ ಶೋರೂಮಿನ ಬಾಗಿಲು ತೆಗೆಯುವ ಕೆಲಸವನ್ನೂ ಕೊಟ್ಟರು. "ಆಗಬಾರದ್ದು ಆಗೋಯ್ತು" ಅಂದರು. ಆ ಒಂದು ಪದ ಮಾತ್ರ ಹೇಳಲಿಲ್ಲ. ಹಾಗೆಂದು ಅವರ ಬಾಯಲ್ಲಿ ಅದಕ್ಕೇನು ಬರವೇ? ಬಾಗಿಲಲ್ಲಿ ನಿಂತ ಮೇಸ್ತ್ರಿಗೆ ದಿನವಿಡೀ ಕೇಳಿಸುತ್ತಿತ್ತು. ಕಪಾಟು ತಡವಾದರೆ ಸಾರಿ ಮೇಡಂ, ಚಹಾ ಆರಿದ್ದರೆ ಸಾರಿ ಸಾರ್, ಸೀನು ಬಂದರೂ ಸಾರಿ.

"ಆ ಪದ ನಿಮಗ್ಯಾಕೆ? ಹುರಿದು ತಿಂತೀರಾ?" ಮನೆಯಲ್ಲಿ ಇದನ್ನು ಹೇಳಿಕೊಂಡಾಗ ಹೆಂಡತಿ ರೇಗಿದಳು.

"ನನ್ನ ಗಮನ ಎಲ್ಲೋ ಇತ್ತು, ಅದಕ್ಕೇ ಹೀಗಾಯ್ತು ಅಂತ ಅಲ್ಲಿ ಎಲ್ರೂ ಅಂದ್ಕೊಂಡಿದಾರೆ ಕಣೆ. ಅವರು ಒಂದ್ಸಲ ಹೇಳ್ಬಿಟ್ರೆ ನಾನು ಕೆಲಸ ಬಾರದೋನಲ್ಲ ಅಂತಾಗುತ್ತೆ. ಬೆರಳಂತೂ ಹೋಯ್ತು, ಹೆಸರಾದ್ರೂ ಬೇಡ್ವಾ?"

ಮರುದಿನ ಅವನು ಧೈರ್ಯ ಮಾಡಿ ಯಜಮಾನರ ಕೋಣೆಗೆ ಹೋಗಿ ಕೇಳಿಯೇಬಿಟ್ಟ.

"ಸಾರ್, ಆ ಮೇಜಿನ ಮುಂದೆ ನಿಂತು ನೀವೂ ಒಂದು ಮಾತು ಹೇಳ್ಬಿಡಿ. ನನಗೆ ಇನ್ನೇನೂ ಬೇಡ."

ಯಜಮಾನರು ಕುರ್ಚಿಯಲ್ಲಿ ಮಿಸುಕಾಡಿದರು. "ವಕೀಲರು ಬೇಡ ಅಂದಿದಾರಯ್ಯ. ಆ ಪದ ಬಾಯಿಗೆ ಬಂತು ಅಂದ್ರೆ ತಪ್ಪು ನಂದೇ ಅಂತ ಒಪ್ಕೊಂಡ ಹಾಗಂತೆ. ಮನಸ್ಸಲ್ಲಿದೆ, ಬಿಡು."

ಮರ ಕೆಡಿಸಿದವನು ಮನಸ್ಸಲ್ಲಿದೆ ಅಂದಿದ್ದರೆ ಇವರು ಬಿಡುತ್ತಿದ್ದರೇ? ಮೇಸ್ತ್ರಿ ಹೊರಗೆ ಬಂದು ಮತ್ತೆ ಬಾಗಿಲಲ್ಲಿ ನಿಂತ.

ಕೆಲವು ದಿನಗಳ ನಂತರ ಆಳು ಸಾಲದೆಂದು ಕಪಾಟಿನ ಗಾಜಿನ ಬಾಗಿಲು ಹಿಡಿಯಲು ಅವನನ್ನೇ ಒಳಗೆ ಕರೆದರು. ಎರಡು ಬೆರಳಿಗೆ ಗಾಜು ನಿಲ್ಲುತ್ತದೆಯೇ? ಜಾರಿತು, ಪುಡಿಪುಡಿಯಾಯಿತು. ಯಂತ್ರಗಳು ನಿಂತವು.

ಮೇಸ್ತ್ರಿ ಮೇಜಿನ ಮುಂದೆ ಬಂದ. ಕೈ ಎತ್ತಿ ತೋರಿಸಿ, "ಮೊದಲು ನೀವು ಹೇಳಿ" ಅನ್ನಬೇಕೆಂದಿದ್ದ. ಕೈಯನ್ನು ಎತ್ತಿಯೂ ಎತ್ತಿದ. ಜೊತೆಯವರು ನೆಲ ನೋಡಿದರು.

"ಬೇಗ ಹೇಳಿ ಮುಗ್ಸು ಮೇಸ್ತ್ರಿ, ಊಟದ ಹೊತ್ತಾಯ್ತು" ಎಂದ ಹಿಂದಿನಿಂದ ಒಬ್ಬ.

ಬಾಗಿಲು ತೆಗೆಯುವ ಈ ಕೆಲಸವೂ ಹೋದರೆ ಈ ಕೈಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಎತ್ತಿದ ಕೈ ತಾನಾಗಿ ಇಳಿಯಿತು.

"ಸಾರಿ" ಎಂದ.

ಯಜಮಾನರು ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. ಮುಖದ ತುಂಬ ಪ್ರೀತಿ.

"ನೋಡಿದ್ರಾ?" ಎಂದರು ಎಲ್ಲರತ್ತ ತಿರುಗಿ. "ಒಂದೇ ಒಂದು ಪದ. ಹೇಳೋಕೆ ಏನು ಕಷ್ಟ?"

ಮೇಸ್ತ್ರಿ ತಲೆಯಾಡಿಸಿದ. ಕಷ್ಟವೇನೂ ಇಲ್ಲವೆಂದು ಈಗ ತಾನೇ ಅವನೇ ತೋರಿಸಿಕೊಟ್ಟಿದ್ದ.