ಬಿಸಿನೀರಿನ ಊರಿನ ಆ ಹೆಂಗಸು

ಕರಿ ಸೀರೆಯ ನೆರಿಗೆಗೆ ಪಿನ್ನು ಚುಚ್ಚುತ್ತಿದ್ದ ಬೆಟ್ಟಿಯ ಕೈಯನ್ನು ತಡೆದು ಆಲಿವ್ ಕೇಳಿದಳು, "ಆ ಜಪಾನಿ ಬರ್ತಾನಂತಾ?"

ಬೆಟ್ಟಿಯ ಬಾಯಲ್ಲಿ ಇನ್ನೂ ಎರಡು ಪಿನ್ನುಗಳಿದ್ದವು. ಅವನ್ನು ತೆಗೆದು ಅಂಗೈಯಲ್ಲಿಟ್ಟುಕೊಂಡು ಹೇಳಿದಳು, "ರಿಫೈನರಿಯಿಂದ ಕೊನ್ರಾಡ್ ಫೋನ್ ಮಾಡಿ ತಿಳಿಸಿದ್ದಾನಂತೆ. ಬರ್ಲಿ ಬಿಡು ಮಾರಾಯ್ತಿ. ಒಟ್ಟಿಗೆ ಕೆಲಸ ಮಾಡಿದವ ಅಲ್ವಾ?"

"ಒಟ್ಟಿಗೆ ಮಾಡಿದ್ದು ಕೆಲಸ ಒಂದೇಯಾ?"

ಬೆಟ್ಟಿ ಮತ್ತೊಂದು ಪಿನ್ನು ಚುಚ್ಚಿದಳು. ಸಲ್ವಾ ಬಡಾವಣೆಯ ಅದೇ ಕಟ್ಟಡದ ಕೆಳಮಹಡಿಯಲ್ಲಿ ಅವಳ ಮನೆ. ಆಲಿವ್‌ಗೆ ಅವಳಷ್ಟು ಆಪ್ತರು ಕುವೈತಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಗಂಡನ ಮಣ್ಣಿನ ದಿನವೂ ಮೂತಿ ಬಿಗಿದುಕೊಂಡು ನಿಂತವಳಿಗೆ ಎಂಥ ಆಪ್ತಳಾದರೂ ಏನೆಂದು ಸಮಾಧಾನ ಹೇಳಿಯಾಳು? ಮೊನ್ನೆ ಮೀನಾ ಅಲ್ ಅಹ್ಮದಿಯ ರಿಫೈನರಿಯಲ್ಲಿ, ಊಟದ ಡಬ್ಬಿ ತೊಳೆದಿಟ್ಟು ಪಂಪಿನ ಕಡೆಗೆ ಹೊರಟ ಎಡ್ವರ್ಡ್ ದಾರಿಯಲ್ಲೇ ಕುಸಿದು ಬಿದ್ದಿದ್ದ. ಹೃದಯ ನಿಂತಿತ್ತು. ಸುದ್ದಿ ತಂದವರ ಎದುರು ಆಲಿವ್ ಒಂದು ಹನಿ ಕಣ್ಣೀರು ಹಾಕಲಿಲ್ಲ. ಯುದ್ಧ ಮುಗಿದು ತಿಂಗಳುಗಳಾದರೂ ವಿಮಾನದ ವ್ಯವಸ್ಥೆ ಇನ್ನೂ ಸರಿಹೋಗಿಲ್ಲ, ದೇಹವನ್ನು ಊರಿಗೆ ಕಳಿಸಲು ಕಾಯಬೇಕಾದೀತು ಎಂದು ಕಂಪನಿಯವರು ಹೇಳಿದಾಗ "ಕಾಯೋದು ಎಂತಕ್ಕೆ, ಇಲ್ಲೇ ಆಗ್ಲಿ" ಎಂದುಬಿಟ್ಟಳು. ಆಗಿನಿಂದ ಹೆಂಗಸರ ಪಿಸುಮಾತು ನಿಂತಿರಲಿಲ್ಲ.

"ಮಮ್ಮಿ, ಕಾರ್ ಈಸ್ ಹಿಯರ್," ಎಂದು ಮಗಳು ಡೆಲ್ಮಾ ಬಾಗಿಲಲ್ಲಿ ಬಂದು ನಿಂತಳು. ಅತ್ತು ಅತ್ತು ಅವಳ ಕಣ್ಣುಗಳು ಊದಿಕೊಂಡಿದ್ದವು. ಆಲಿವ್ ಕಪಾಟು ತೆಗೆದು, ಎಡ್ವರ್ಡನ ಶರ್ಟಿನ ಜೇಬಿನಿಂದ ಒಂದು ಫೋಟೊ ಎಳೆದು ತನ್ನ ಕೈಚೀಲಕ್ಕೆ ಹಾಕಿಕೊಂಡಳು. ಬೆಟ್ಟಿ ಅದನ್ನು ನೋಡಿಯೂ ನೋಡದಂತೆ ಇದ್ದಳು.

*

ಕಳೆದ ವರ್ಷದ ಆರಂಭದಲ್ಲಿ ಕಂಪನಿ ಎಡ್ವರ್ಡನನ್ನು ಹೊಸ ಪಂಪುಗಳ ತರಬೇತಿಗೆಂದು ಜಪಾನಿಗೆ ಕಳಿಸಿತ್ತು. ತರಬೇತಿ ಮುಗಿದ ಮೇಲೆ, ರಿಫೈನರಿಯಲ್ಲಿ ಅವನ ಜೊತೆಗಿದ್ದ ಎಂಜಿನಿಯರ್ ಒಕುಮುರಾ ತನ್ನ ಊರಿಗೆ ಕರೆದುಕೊಂಡು ಹೋದನಂತೆ. ಎಲ್ಲೋ ಬೆಟ್ಟಗಳ ನಡುವಿನ ಹಳ್ಳಿ. ರೈಲು ಇಳಿದು ಬಸ್ಸು, ಬಸ್ಸು ಇಳಿದು ನಡಿಗೆ. ಸುತ್ತ ಹಿಮ, ನಡುವೆ ನೆಲದಿಂದ ಕುದಿದು ಬರುವ ನೀರಿನ ಕೊಳಗಳು. ಎಡ್ವರ್ಡ್ ಅಲ್ಲಿಂದ ಮಗಳಿಗೊಂದು ಗೊಂಬೆ, ಹೆಂಡತಿಗೊಂದು ರೇಷ್ಮೆ ಬಟ್ಟೆ ತಂದ. ಮದುವೆಯಾದಾಗಿನಿಂದ ಹೆಂಡತಿಗೆ ಬಟ್ಟೆ ಆರಿಸಿ ತಂದವನಲ್ಲ. ಈಗ ಒಮ್ಮೆಲೇ ರೇಷ್ಮೆ ಎಂದರೆ? ಆಲಿವ್ ಅದನ್ನು ಬೆರಳಲ್ಲಿ ಉಜ್ಜಿ ನೋಡಿದಳು, ಮಡಿಸಿಟ್ಟಳು, ಹೊಲಿಯಲಿಲ್ಲ.

ಆಮೇಲೆ ಡೆಲ್ಮಾಳ ಹುಟ್ಟುಹಬ್ಬ ಬಂತು. ಕಂಪನಿ ಬಸ್ಸಿನಲ್ಲಿ ಒಟ್ಟಿಗೆ ಹೋಗಿಬರುವ ಗಂಡಸರೆಲ್ಲ ಪಡಸಾಲೆಯಲ್ಲಿ ಕೂತು ಹೊಟ್ಟೆ ಹಿಡಿದು ನಗುತ್ತಿದ್ದರು. ಆಲಿವ್ ಸಣ್ಣ ಎಂಬ ಅಕ್ಕಿ ಕಡುಬು ಮತ್ತು ಕೋಳಿ ಸುಕ್ಕದ ತಟ್ಟೆ ಹಿಡಿದು ಬರುವಾಗ "ಆ ಹೆಂಗಸು ಬಿಡ್ಬೇಕಲ್ಲ ಮತ್ತೆ!" ಎಂಬ ಕೊನ್ರಾಡನ ಮಾತು ಕಿವಿಗೆ ಬಿತ್ತು. ಅವಳನ್ನು ಕಂಡದ್ದೇ ನಗು ಗಕ್ಕನೆ ನಿಂತಿತು. ಒಬ್ಬ ಚಾವಣಿ ನೋಡಿದ, ಇನ್ನೊಬ್ಬ ಕೆಮ್ಮಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರೇ ಎಲ್ಲರೂ. ಎಡ್ವರ್ಡ್ ಮಾತ್ರ ತಲೆ ತಗ್ಗಿಸಿ ತುಟಿಯಲ್ಲೇ ನಗುತ್ತಿದ್ದ.

ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ? ಮರುವಾರ ಒಗೆಯಲು ತೆಗೆದ ಶರ್ಟಿನ ಜೇಬಿನಲ್ಲಿ ಆ ಫೋಟೊ ಸಿಕ್ಕಿತು.

ಎಡ್ವರ್ಡ್ ಉದ್ದನೆಯ ತೆಳು ನಿಲುವಂಗಿಯಲ್ಲಿ ನಿಂತಿದ್ದ. ಎದೆ ಅರ್ಧ ಬರಿದಾಗಿತ್ತು. ಅವನಿಗೆ ಅಂಟಿಕೊಂಡಂತೆ ನಿಂತ ಜಪಾನಿ ಹೆಂಗಸೊಬ್ಬಳ ಎರಡೂ ಕೈಗಳು ಆ ಅಂಗಿಯ ಮಡಿಕೆಯ ಒಳಗಿದ್ದವು. ಅವನ ಕೈಗಳೂ ಅಂಗಿಯ ಮೇಲೆಯೇ ಇದ್ದವು, ಅವನು ನಗುತ್ತಿದ್ದ. ಆಲಿವ್ ಮನೆಯಲ್ಲೇ ಹೊಲಿಗೆ ಮಾಡುವವಳು. ಸಲ್ವಾದ ಅರ್ಧ ಹೆಂಗಸರು ಉಡುತ್ತಿದ್ದದ್ದು ಅವಳ ಕೈಯ ಹೌಸ್‌ಕೋಟು. ಬಟ್ಟೆಯ ಮೇಲಿಟ್ಟ ಕೈ ಮುಚ್ಚುತ್ತಿದೆಯೋ ಬಿಚ್ಚುತ್ತಿದೆಯೋ ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೆರಳ ಗೆಣ್ಣು ಹೊರಕ್ಕಿತ್ತು, ಮೊಣಕೈ ಮೇಲೆದ್ದಿತ್ತು. ಅದು ಬಿಚ್ಚುವ ಕೈ.

ಫೋಟೊವನ್ನು ಇದ್ದಲ್ಲೇ ಇಟ್ಟಳು. ಜಗಳವಾಡಲಿಲ್ಲ. ಆಡಿದ್ದರೆ ಎಷ್ಟೋ ಚೆನ್ನಾಗಿತ್ತು.

ಅದಕ್ಕೆ ಮೊದಲು ಎಡ್ವರ್ಡನ ಮೈಯೇ ಅವಳ ಅಳತೆಯ ಗೊಂಬೆ. ಸಂಜೆ ಡ್ಯೂಟಿ ಮುಗಿಸಿ ಬಂದವನಿಗೆ ಚಹಾ ಕೊಡುವ ಮೊದಲೇ ಯಾರದೋ ಹೌಸ್‌ಕೋಟು ತೊಡಿಸಿ, ಬಲಗಡೆಯ ಅಂಚನ್ನು ಎಡಗಡೆಯದರ ಮೇಲೆ ತಂದು ಸುತ್ತಿ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಅವನ ಸುತ್ತ ತಿರುಗುತ್ತಿದ್ದಳು. "ಹೆಂಗಸರದ್ದು ಬಲ ಮೇಲೆ. ಎಷ್ಟು ಸಲ ಹೇಳ್ಬೇಕು ನಿಮಗೆ?" ಎಂದು ಗದರುತ್ತಿದ್ದಳು. ಅವನು ಹೂವಿನ ಹೌಸ್‌ಕೋಟಿನಲ್ಲೇ ಕೂತು ಪೇಪರ್ ಓದಿದ್ದೂ ಉಂಟು. ಫೋಟೊ ಸಿಕ್ಕ ತಿಂಗಳಲ್ಲೇ ಆಲಿವ್ ಸಬ್ಹಾನಿನ ಕಾರ್ಖಾನೆಯಿಂದ ಬಟ್ಟೆ ತೊಡಿಸಿ ನೋಡುವ ಒಂದು ಕಬ್ಬಿಣದ ಸ್ಟ್ಯಾಂಡು ತರಿಸಿದಳು.

"ಎಂತ, ನನ್ನ ಕೆಲಸ ಖಲಾಸಾ?" ಎಂದು ಎಡ್ವರ್ಡ್ ಕೇಳಿದ.

"ನಿಮಗೆ ತೊಡಿಸ್ಲಿಕ್ಕೆ, ಬಿಚ್ಲಿಕ್ಕೆ ಬೇರೆ ಜನ ಇದ್ದಾರಲ್ಲ."

ಅವನಿಗೆ ಏನೂ ಅರ್ಥವಾಗಲಿಲ್ಲ, ಅಥವಾ ಆಗದವನಂತೆ ನಟಿಸಿದ. ಆಲಿವ್ ಎರಡನೆಯದನ್ನೇ ನಂಬಿದಳು. ಆಗಾಗ ಅವನು ಕುರ್ಚಿ ಎಳೆದುಕೊಂಡು ಹತ್ತಿರ ಕೂತು, "ಆಲಿವ್, ಆ ಬಿಸಿನೀರಿನ ಊರಲ್ಲಿ ಒಂದು ತಮಾಷೆ ಆಯ್ತು ಗೊತ್ತುಂಟಾ" ಎಂದು ಶುರುಮಾಡುತ್ತಿದ್ದ. ಅವಳು ಹೊಲಿಗೆ ಮಿಷನ್ನನ್ನು ಗಡಗಡನೆ ಓಡಿಸುತ್ತಿದ್ದಳು. ಅವನು ಸ್ವಲ್ಪ ಹೊತ್ತು ಕಾದು ಏಳುತ್ತಿದ್ದ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು, ಬಿಸಿಲಿಗೆ ಕಾದ ಟಾಂಕಿಯ ನೀರನ್ನು ತೊಟ್ಟಿ ತುಂಬ ಬಿಟ್ಟು ಅದರಲ್ಲಿ ಮುಳುಗಿ ಕೂರುತ್ತಿದ್ದ. ಇದೂ ಜಪಾನಿನಿಂದ ತಂದ ಅಭ್ಯಾಸವೇ. ಒಳಗೆ ಯಾರನ್ನು ನೆನೆಯುತ್ತಿದ್ದಾನೆ ಎಂದು ಆಲಿವ್ ಹೊರಗೆ ಬಾಗಿಲಿಗೆ ಕಿವಿಗೊಟ್ಟು ನಿಲ್ಲುತ್ತಿದ್ದಳು. ನೀರು ಅಲುಗಿದ ಸದ್ದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ, ಅದರಿಂದ ಸಂಶಯ ಇನ್ನಷ್ಟು ಬಲಿಯುತ್ತಿತ್ತು.

ಆಗಸ್ಟಿನಲ್ಲಿ ಇರಾಕಿನ ಸೈನ್ಯ ನುಗ್ಗಿತು. ಕೈಗೆ ಸಿಕ್ಕಿದ್ದನ್ನು ಒಂದೇ ಚೀಲಕ್ಕೆ ತುರುಕಿ ಊರಿಗೆ ಮರಳಲು ಮೂವರೂ ಜೋರ್ಡಾನಿನ ಅಮ್ಮಾನಿಗೆ ಹೋಗುವ ಬಸ್ಸು ಹತ್ತಿದರು. ಮರುಭೂಮಿಯ ದಾರಿಯಲ್ಲಿ, ನಿದ್ದೆ ಹೋದ ಎಡ್ವರ್ಡನ ಶರ್ಟಿನ ಜೇಬಿನಿಂದ ಫೋಟೊದ ಮೂಲೆ ಇಣುಕುವುದನ್ನು ಆಲಿವ್ ಕಂಡಳು. ಮದುವೆಯ ಆಲ್ಬಮ್ಮು ಸಲ್ವಾದ ಕಪಾಟಿನಲ್ಲಿ, ಆ ಹೆಂಗಸು ಎದೆಯ ಮೇಲೆ! ಯುದ್ಧ ಮುಗಿದು ಕಂಪನಿ ಮತ್ತೆ ಕರೆದು ಅವರು ವಾಪಸು ಬಂದಾಗ ಮನೆ ಲೂಟಿಯಾಗಿತ್ತು. ಆಲ್ಬಮ್ಮೂ ಹೋಗಿತ್ತು. ಉಳಿದದ್ದು ಆ ಫೋಟೊ ಒಂದೇ.

*

ಸ್ಮಶಾನದಲ್ಲಿ ನಡುಮಧ್ಯಾಹ್ನವೂ ಮಬ್ಬಾಗಿತ್ತು. ತೈಲಬಾವಿಗಳು ಇನ್ನೂ ಉರಿಯುತ್ತಿದ್ದವು. ಗಾಳಿ ಇತ್ತ ತಿರುಗಿದಾಗ ಫಾದರ್‌ರ ಬಿಳಿ ನಿಲುವಂಗಿಯ ಮೇಲೂ ಮಸಿ ಕೂರುತ್ತಿತ್ತು. ತಗಡಿನ ಚಪ್ಪರದಡಿ ಪೆಟ್ಟಿಗೆ ತೆರೆದಿಟ್ಟು ಪ್ರಾರ್ಥನೆ ಮುಗಿಸಿದರು. ಒಬ್ಬೊಬ್ಬರೇ ಬಾಗಿ ಎಡ್ವರ್ಡನ ಹಣೆಗೆ ಮುತ್ತಿಟ್ಟು ಸರಿದರು. ಡೆಲ್ಮಾ ಅಪ್ಪನ ಕೆನ್ನೆಗೆ ಕೆನ್ನೆ ಒತ್ತಿ ಅತ್ತಳು. ಕೊನೆಯ ಮುತ್ತು ಹೆಂಡತಿಯದು, ಅದಾದ ಮೇಲೆ ಮುಚ್ಚಳ. ಆಲಿವ್ ಕಾಲು ಕೀಳಲಿಲ್ಲ.

"ಆಲಿವ್‌ಬಾಯಿ, ಬನ್ನಿ," ಎಂದ ಕೊನ್ರಾಡ್ ಮೆಲ್ಲಗೆ. ಎಡ್ವರ್ಡನ ಜೊತೆ ಅದೇ ಪಂಪುಗಳಲ್ಲಿ ದುಡಿದವನು ಅವನು.

ಅವಳ ಕಣ್ಣು ಗೇಟಿನ ಕಡೆಗಿತ್ತು. ಕರಿ ಸೂಟು, ಕರಿ ಟೈ ಕಟ್ಟಿದ ಒಕುಮುರಾ ಆಗಷ್ಟೇ ಬಂದು ಪೆಟ್ಟಿಗೆಯ ಎದುರು ಸೊಂಟ ಬಗ್ಗಿಸಿ ನಿಂತ. ಎಷ್ಟು ಹೊತ್ತಾದರೂ ತಲೆ ಎತ್ತಲಿಲ್ಲ. ಎತ್ತಿದಾಗ ಎದುರಿಗೆ ಆಲಿವ್ ಫೋಟೊ ಚಾಚಿ ನಿಂತಿದ್ದಳು.

"ಕೇಳು ಇವನತ್ರ, ಕೊನ್ರಾಡ್. ಇವಳು ಯಾರು? ಇದು ಗೊತ್ತಾಗದೆ ನಾನು ಅವರನ್ನು ಮುಟ್ಟುದಿಲ್ಲ."

ಒಕುಮುರಾ ಫೋಟೊವನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ನೋಡಿದ. ತಡೆತಡೆದು ಇಂಗ್ಲಿಷಿನಲ್ಲಿ ಹೇಳಿದ, "ನನ್ನ ತಾಯಿ."

"ತಾಯಿಯಾ? ಇಷ್ಟು ಸಣ್ಣ ಪ್ರಾಯದವಳಾ? ಯಾರ ಕಿವಿಗೆ ಹೂ ಇಡ್ತಾನೆ ಇವನು?"

ಕೊನ್ರಾಡ್ ತಿಳಿಸಿದ್ದನ್ನು ಕೇಳಿ ಒಕುಮುರಾ ತನ್ನ ಕೆನ್ನೆ ಮುಟ್ಟಿಕೊಂಡ. "ನಮ್ಮದು ಪ್ರವಾಸಿಗಳು ಉಳಿಯುವ ಮನೆ. ತಾಯಿ ದಿನಾ ಆ ನೀರಿಗೆ ಇಳಿಯುತ್ತಾರೆ. ಅಲ್ಲಿಯ ಮುದುಕಿಯರ ಮುಖ ಎಲ್ಲ ಹಾಗೆಯೇ, ಸುಕ್ಕಿಲ್ಲ."

"ಅಂಗಿ ಬಿಚ್ತಾ ಇದ್ದಾಳೆ. ಅಲ್ಲ ಅಂತ ಹೇಳ್ಲಿ ನೋಡುವ."

"ಹೌದು," ಎಂದ ಒಕುಮುರಾ. "ಬಿಚ್ಚುತ್ತಿದ್ದಾರೆ."

ಹೆಂಗಸರ ಸಾಲಿನಲ್ಲಿ ಯಾರೋ ಶಿಲುಬೆಯ ಗುರುತು ಮಾಡಿಕೊಂಡರು. ಕೊನ್ರಾಡ್ ಹಣೆ ಚಚ್ಚಿಕೊಂಡ. "ಅಯ್ಯೋ ದೇವರೇ! ಬಾಯಿ, ಇದು ಆ ಕತೆ ಅಲ್ವಾ! ಎಡ್ಡಿ ನಿಮಗೆ ಹೇಳ್ಲೇ ಇಲ್ವಾ?"

"ಯಾವ ಕತೆ?"

"ಬಿಸಿನೀರಿನ ಊರಿನ ಕತೆ. ನಮಗೆಲ್ಲ ಎಷ್ಟು ಸಲ ಹೇಳಿದ್ದಾನೆ!"

ಆಲಿವ್ ಸುತ್ತ ನೋಡಿದಳು. ಕಂಪನಿ ಬಸ್ಸಿನ ಡ್ರೈವರ್ ಪುತ್ತಬ್ಬ ಬ್ಯಾರಿ ಹಿಂದೆ ನಿಂತಲ್ಲಿಂದಲೇ ಅಂದ, "ಬಸ್ಸಲ್ಲಿ ಇಡೀ ದಾರಿ ಅದೇ ಬಾಯಮ್ಮ. ನಗಾಡಿ ನಗಾಡಿ ಒಮ್ಮೆ ನಾನು ತಿರುವೇ ತಪ್ಪಿಸಿದ್ದೆ."

"ನಿಂಗೂ ಗೊತ್ತುಂಟಾ?" ಎಂದು ಆಲಿವ್ ಬೆಟ್ಟಿಯತ್ತ ತಿರುಗಿದಳು.

ಬೆಟ್ಟಿ ನೆಲ ನೋಡಿದಳು. "ಕತೆ ಗೊತ್ತುಂಟು. ಆದ್ರೆ ಈ ಫೋಟೊ ಅದರದ್ದು ಅಂತ ನಂಗೆ ಎಂತ ಗೊತ್ತು? ನೀನು ಯಾರಿಗಾದ್ರೂ ತೋರಿಸಿದ್ಯಾ? ಆಲಿವ್ ಮುಂದೆ ಮಾತ್ರ ಹೇಳ್ಬಾರ್ದು ಅಂತ ಎಡ್ಡಿ ಎಲ್ಲರ ಹತ್ರ ಆಣೆ ಹಾಕಿಸಿದ್ದ."

"ನನ್ನ ಮುಂದೆ ಯಾಕೆ ಹೇಳ್ಬಾರ್ದು?"

ಉತ್ತರ ಕೊಟ್ಟವಳು ಡೆಲ್ಮಾ. "ಬಿಕಾಸ್ ಹಿ ವಾಂಟೆಡ್ ಟು ಟೆಲ್ ಯು ಹಿಮ್‌ಸೆಲ್ಫ್, ಮಮ್ಮಿ." ಮೂಗೊರೆಸಿಕೊಂಡು, ತನಗೆ ಬರುವಷ್ಟು ಮನೆಮಾತಿನಲ್ಲಿ ಮುಂದುವರಿಸಿದಳು. "ಫೋಟೊ ಕೈಯಲ್ಲಿ ಹಿಡ್ಕೊಂಡು ಹೇಳ್ಬೇಕು, ಇಲ್ಲದಿದ್ರೆ ಅವಳು ನಂಬುದಿಲ್ಲ ಅಂತಿದ್ರು ಡ್ಯಾಡಿ. ಅದಕ್ಕೇ ಯಾವಾಗ್ಲೂ ಜೇಬಲ್ಲಿ. ನೀನು ಒಳ್ಳೆ ಮೂಡಲ್ಲಿ ಇರುವ ದಿನ ಹೇಳ್ತೇನೆ ಅಂತ."

ಆಲಿವ್‌ಳ ಮುಖ ಬೆಳ್ಳಗಾಯಿತು. ಅಂಥ ಒಂದು ದಿನವನ್ನು ಅವಳು ಅವನಿಗೆ ಕೊಟ್ಟಿರಲಿಲ್ಲ. ಅವನು ಕುರ್ಚಿ ಎಳೆದುಕೊಂಡು ಬಂದಾಗಲೆಲ್ಲ ಮಿಷನ್ನು ಓಡಿತ್ತು. ಒಂದು ಸಲ ಕಾಲನ್ನು ಪೆಡಲಿನಿಂದ ಎತ್ತಿದ್ದರೆ ಸಾಕಿತ್ತು.

ಗೋರಿ ತೋಡುವ ಇಬ್ಬರು ಮುಚ್ಚಳ ಎತ್ತಿಕೊಂಡು ಬಂದರು. ಫಾದರ್ ಗಡಿಯಾರ ನೋಡಿ ಕೆಮ್ಮಿದರು.

"ನಿಲ್ಲಿ," ಎಂದಳು ಆಲಿವ್. ಪೆಟ್ಟಿಗೆಯ ಪಕ್ಕದಲ್ಲಿ ಮರಳ ಮೇಲೆಯೇ ಕೂತಳು. "ಕೊನ್ರಾಡ್, ಇವರಿಗೆ ಹೇಳು. ಕತೆ ಹೇಳ್ಲಿ. ಮೊದಲಿಂದ. ಬಸ್ಸು ಇಳಿದಲ್ಲಿಂದ."

ಒಕುಮುರಾ ಅವಳ ಎದುರು ಮಂಡಿಯೂರಿ ಕೂತು ಶುರುಮಾಡಿದ. ಬಸ್ಸು ಇಳಿದಾಗ ಹಿಮ ಮೊಣಕಾಲವರೆಗೆ ಇತ್ತು. ಎಡ್ವರ್ಡ್ ಹಿಮ ಕಂಡದ್ದು ಅದೇ ಮೊದಲು, ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡ. ಮನೆ ಮುಟ್ಟಿದ ಮೇಲೆ, ಸ್ನಾನಕ್ಕೆ ಹೋಗುವ ಮೊದಲು ಉಡಲು ತಾಯಿ ಅವನಿಗೆ ನಿಲುವಂಗಿ ಕೊಟ್ಟರು. ಉಟ್ಟುಕೊಂಡು ಹೊರಗೆ ಬಂದವನನ್ನು ಕಂಡು ತಾಯಿ ಚೀರಿದರು.

"ಎಂತಕ್ಕೆ?"

"ನಮ್ಮಲ್ಲಿ ಎಡಗಡೆಯದು ಮೇಲೆ ಬರಬೇಕು, ಗಂಡಸಾಗಲಿ ಹೆಂಗಸಾಗಲಿ. ಬಲಗಡೆಯದನ್ನು ಮೇಲೆ ತಂದು ಉಡಿಸುವುದು ಹೆಣಕ್ಕೆ ಮಾತ್ರ. ಅವನು ಹೆಣದ ಹಾಗೆ ಉಟ್ಟಿದ್ದ. ತಾಯಿ ಓಡಿಬಂದು ಬಿಚ್ಚಿ ಸರಿಮಾಡಲು ಹೊರಟರು. ಇವನು ಬಿಡಲಿಲ್ಲ. ಎರಡೂ ಕೈಯಲ್ಲಿ ಅಂಗಿ ಹಿಡಿದುಕೊಂಡ. ನಾನು ನಗುತ್ತಲೇ ಫೋಟೊ ತೆಗೆದೆ."

"ಯಾಕೆ ಬಿಡ್ಲಿಲ್ಲ ಅವರು?"

ಒಕುಮುರಾ ಕೊನ್ರಾಡನತ್ತ ನೋಡಿದ. ಕೊನ್ರಾಡನಿಗೆ ತಡೆಯಲಾಗಲಿಲ್ಲ, ಎಡ್ವರ್ಡನಂತೆಯೇ ಎರಡೂ ಕೈ ಎದೆಗೆ ಒತ್ತಿ ಹಿಡಿದು, ಅವನದೇ ದನಿಯಲ್ಲಿ ಕೂಗಿದ, "ನೋ ಮಮ್ಮಾ, ನೋ! ಮೈ ವೈಫ್ ಟೇಲರ್! ಮೈ ವೈಫ್ ಕರೆಕ್ಟ್! ಬಲ ಮೇಲೆ!"

ಪುತ್ತಬ್ಬನ ಬಾಯಿಂದ ನಗು ಸಿಡಿಯಿತು. ಅವನು ಟವೆಲಿನಿಂದ ಬಾಯಿ ಮುಚ್ಚಿಕೊಳ್ಳುವಷ್ಟರಲ್ಲಿ ಬಸ್ಸಿನ ಗೆಳೆಯರೆಲ್ಲ ಅಳುತ್ತಲೇ ನಗತೊಡಗಿದ್ದರು. ಬೆಟ್ಟಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಫಾದರ್ ಅತ್ತ ತಿರುಗಿ ನಿಂತರು, ಅವರ ಬೆನ್ನು ಅಲುಗುತ್ತಿತ್ತು.

ಆಲಿವ್ ನಗಲಿಲ್ಲ. ಒಂದು ಕೈ ಪೆಟ್ಟಿಗೆಯೊಳಗೆ ಚಾಚಿ ಗಂಡನ ತಣ್ಣಗಿನ ಬೆರಳುಗಳನ್ನು ಹಿಡಿದುಕೊಂಡಿದ್ದಳು.

"ಕೊನೆಗೆ ಬದಲಿಸಿದ್ರಾ ಅವರು?"

"ಇಲ್ಲ," ಎಂದ ಒಕುಮುರಾ. "ತಾಯಿ ಒಂದು ಸಲ ಬಿಚ್ಚಿ ಸರಿಮಾಡಿದರು. ಅವರು ಅಡುಗೆಮನೆಗೆ ಹೋದ ಕೂಡಲೇ ಮತ್ತೆ ಬಲಗಡೆಯದನ್ನೇ ಮೇಲೆ ತಂದುಕೊಂಡ. ಇದ್ದಷ್ಟು ದಿನವೂ ಹಾಗೇ ಉಟ್ಟ."

ಆಲಿವ್‌ಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲು ಗಂಡನ ಕೈ ಬಿಡಬೇಕಾಗಿತ್ತು. ಅವಳು ಬಿಡಲಿಲ್ಲ.

"ಮತ್ತೆ?" ಎಂದಳು. "ನೀರು ಹೇಗಿತ್ತು? ನೀರಿಗೆ ಇಳಿದು ಎಂತ ಹೇಳಿದ್ರು ಅವರು?"

ಒಕುಮುರಾ ಹೇಳತೊಡಗಿದ. ಗೋರಿ ತೋಡುವವರು ಮುಖ ಮುಖ ನೋಡಿಕೊಂಡರು. ಆಮೇಲೆ ಮುಚ್ಚಳವನ್ನು ಮೆಲ್ಲಗೆ ಮರಳ ಮೇಲಿಳಿಸಿ, ಅದರ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತರು.