ಸವಳಂಗ ರಸ್ತೆಗೆ ಬಂದ ದೋಣಿ

ಷಡಕ್ಷರಪ್ಪನವರ ಎದುರಿಗೆ ‘ಸುಮಾರು’ ಎಂಬ ಮಾತನ್ನು ಆಡುವಂತಿಲ್ಲ. ಸುಮಾರು ಎಂಟು ಗಂಟೆಗೆ ಬರುತ್ತೇನೆಂದರೂ, ಮದುವೆಗೆ ಸುಮಾರು ಐನೂರು ಜನ ಸೇರಿದ್ದರೆಂದರೂ, ಕೊನೆಗೆ ಬೆಳಗಿನಿಂದ ಸೊಂಟ ಸುಮಾರಾಗಿ ನೋಯುತ್ತಿದೆಯೆಂದರೂ, ನಡೆಯುತ್ತಿದ್ದವರು ಗಕ್ಕನೆ ನಿಂತು, ಎಡ ಅಂಗೈಯನ್ನು ಕಿವಿಯ ಹಿಂದಕ್ಕೊಯ್ದು, “ಸುಮಾರು ಅಂದ್ರೆ ಎಷ್ಟು?” ಎಂದು ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಕುಹಕವಿಲ್ಲ, ತಿಳಿದುಕೊಳ್ಳಬೇಕೆಂಬ ಪ್ರಾಮಾಣಿಕವಾದ ಆಸೆಯಷ್ಟೇ ಇದೆ, ಮತ್ತು ಕಷ್ಟವಿರುವುದು ಅಲ್ಲಿಯೇ. ಕುಹಕವಾದರೆ ನಕ್ಕು ಜಾರಿಕೊಳ್ಳಬಹುದಿತ್ತು. ನನ್ನ ಸೊಂಟನೋವಿಗೆ ತಕ್ಕ ಅಂಕಿ ಹುಡುಕುತ್ತ ನಾನು ಎಷ್ಟೋ ಬೆಳಗುಗಳಲ್ಲಿ ಸವಳಂಗ ರಸ್ತೆಯ ಬದಿಯಲ್ಲಿ, ಬಸ್ಸುಗಳ ಹೊಗೆ ಕುಡಿಯುತ್ತ, ಪರೀಕ್ಷೆಗೆ ಓದದೆ ಬಂದವನ ಹಾಗೆ ನಿಂತಿದ್ದೇನೆ.

ಆಳು ಎತ್ತರ, ಮೈ ತೆಳು. ಹೆಜ್ಜೆಗಳೆಲ್ಲ ಒಂದೇ ಉದ್ದ. ಅವರ ಮನೆಯ ಗೇಟಿನಿಂದ ಹಾಲಿನ ಬೂತಿಗೆ ಇನ್ನೂರ ಹನ್ನೆರಡು ಹೆಜ್ಜೆಗಳೆಂದು ಅವರೇ ಹೇಳಿದ್ದು. ನಾಯಿ ಅಡ್ಡ ಬಂದ ದಿನ ಇನ್ನೂರ ಹದಿನಾಲ್ಕು. ಬಿಳಿ ಪಂಚೆಯ ಮೇಲೆ ಖಾಕಿ ಕೋಟು ತೊಡುವ ಮನುಷ್ಯ ನಮ್ಮ ಬಡಾವಣೆಯಲ್ಲಿ ಅವರೊಬ್ಬರೇ. ಭದ್ರಾವತಿಯ ಕಾರ್ಖಾನೆಯ ಕೋಟು ಅದು, ಮೊಣಕೈಗಳಲ್ಲಿ ಬಣ್ಣ ಕಳೆದುಕೊಂಡು ಬೂದಿಯಾಗಿದೆ. ಅದರ ಬಲಮಗ್ಗುಲಿಗೆ ಹೆಂಡತಿ ಜಲಜಮ್ಮ ಹೊಲಿದುಕೊಟ್ಟ ಉದ್ದನೆಯ, ಬಲು ಕಿರಿದಾದ ಜೇಬೊಂದಿದೆ. ಅದರಲ್ಲಿ ಎರಡಡಿಯ ಉಕ್ಕಿನ ಸ್ಕೇಲು. ನಡೆಯುವಾಗ ಅದು ತೊಡೆಗೆ ಬಡಿಯುತ್ತದೆ, ಕುಳಿತಾಗ ಮೊಣಕಾಲಿನಾಚೆ ಇಣುಕುತ್ತದೆ, ಮತ್ತು ಹೊಸ ವಸ್ತುವೊಂದು ಕಂಡರೆ ಅವರ ಕಣ್ಣಿಗಿಂತ ಮೊದಲು ಆ ಸ್ಕೇಲೇ ಅದರತ್ತ ಹೊರಡುತ್ತದೆ.

ಮೂವತ್ತನಾಲ್ಕು ವರ್ಷ ಅವರು ಆ ಕಾರ್ಖಾನೆಯ ಪ್ಯಾಟರ್ನ್ ಶಾಪಿನಲ್ಲಿದ್ದರು. ಉಕ್ಕನ್ನು ಎರಕ ಹೊಯ್ಯುವ ಮೊದಲು ಅದೇ ಆಕಾರದ ಮಾದರಿಯೊಂದನ್ನು ಮರದಲ್ಲಿ ಕಡೆದು, ಮರಳಿನಲ್ಲಿ ಒತ್ತಿ ತೆಗೆಯುತ್ತಾರೆ. ಮರಳಿನಲ್ಲಿ ಉಳಿದ ಹಳ್ಳದೊಳಕ್ಕೆ ಕರಗಿದ ಉಕ್ಕು ಇಳಿಯುತ್ತದೆ. ಉಕ್ಕು ತಣ್ಣಗಾಗುತ್ತ ಕುಗ್ಗುವುದರಿಂದ ಮರದ ಮಾದರಿಯನ್ನು ಬೇಕಾದದ್ದಕ್ಕಿಂತ ಒಂದಿಷ್ಟು ದೊಡ್ಡದಾಗಿಯೇ ಮಾಡಬೇಕು. ಇದನ್ನು ಅವರು ನನಗೆ ಹೇಳಿಕೊಟ್ಟದ್ದು ನಮ್ಮ ಮನೆಯ ಕಾಫಿಯೆದುರು. “ಬಿಸಿ ಇದ್ದಾಗ ಎಲ್ಲಾನೂ ಹಿಗ್ಗಿರುತ್ತೆ ಮೇಷ್ಟ್ರೇ,” ಎಂದಿದ್ದರು, ಲೋಟದ ಬಾಯಿಗೆ ಸ್ಕೇಲು ಅಡ್ಡ ಹಿಡಿದು. ತಾವು ಮಾಡಿದ ಒಂದೇ ಒಂದು ಮಾದರಿಯೂ ತಿರುಗಿ ಬಂದದ್ದಿಲ್ಲವೆನ್ನುವುದು ಅವರ ಬಾಳಿನ ಹೆಮ್ಮೆ. ನಿವೃತ್ತರಾಗಿ ಶಿವಮೊಗ್ಗಕ್ಕೆ ಬಂದು ಹನ್ನೊಂದು ವರ್ಷವಾದರೂ ಆ ಹೆಮ್ಮೆ ಮಾತ್ರ ಕೆಲಸ ಬಿಟ್ಟಿರಲಿಲ್ಲ.

ನನ್ನ ಪುಸ್ತಕದ ಕಪಾಟಿನ ಕಥೆ ಇಲ್ಲಿ ಹೇಳಲೇಬೇಕು. ಗೋಡೆಯ ಗೂಡು ಆರಡಿ ಅಗಲವಿದೆಯೆಂದು ನನ್ನ ಟೇಪಿನಿಂದ ಅಳೆದು ಅವರಿಗೆ ಚೀಟಿ ಕೊಟ್ಟೆ. ತಿಂಗಳೊಪ್ಪತ್ತಿನಲ್ಲಿ ಅವರು ಮುಖ ಕಾಣುವಷ್ಟು ನುಣುಪಾದ ಕಪಾಟೊಂದನ್ನು ತಂದು ನಿಲ್ಲಿಸಿದರು. ಗೂಡಿನೊಳಕ್ಕೆ ಹೋಗಲಿಲ್ಲ, ಒಂದೂವರೆ ಇಂಚು ಹೆಚ್ಚು. ತಮ್ಮ ಸ್ಕೇಲು ಹಿಡಿದು ನೋಡಿದರೆ ಕಪಾಟು ಸರಿಯಾಗಿ ಆರಡಿ! ನನ್ನ ಟೇಪನ್ನು ಬಟ್ಟೆಯಂಗಡಿಯ ಟೇಪೆಂದು ಮೂದಲಿಸಿ, ಗೋಡೆ ಕಟ್ಟಿದ ಗಾರೆಯವನಿಗೂ ಎರಡು ಮಾತು ಬೈದು, ಕಡೆಗೆ ತಾವೇ ಉಳಿ ಸುತ್ತಿಗೆ ತಂದು ನನ್ನ ಗೋಡೆಯನ್ನು ಕೆತ್ತಿ ಕಪಾಟನ್ನು ಕೂರಿಸಿದರು. ನನ್ನ ಹೆಂಡತಿ ಒಂದು ವಾರ ಇಬ್ಬರೊಂದಿಗೂ ಮಾತು ಬಿಟ್ಟಳು.

ಇಂಥ ಮನುಷ್ಯ, ಅರವತ್ತೊಂಬತ್ತರ ವಯಸ್ಸಿನಲ್ಲಿ, ಭದ್ರಾವತಿಯಲ್ಲಿದ್ದ ಸೈಟನ್ನು ಮಾರಿ ಮೋಟಾರ್ ಕ್ರೂಸರ್ ಒಂದಕ್ಕೆ ಆರ್ಡರ್ ಕೊಟ್ಟಿದ್ದಾರೆಂಬ ಸುದ್ದಿ ಬಂದಾಗ, ಬಡಾವಣೆಯವರು ಅದು ಯಾವುದೋ ಹೊಸ ಕಾರಿನ ಹೆಸರೆಂದು ತಿಳಿದರು. ದೋಣಿಯೆಂದು ಗೊತ್ತಾದ ಮೇಲೆ ಅವರ ತಲೆ ನೆಟ್ಟಗಿಲ್ಲವೆಂದು ತಿಳಿದರು. ಕಾರಣ ತಿಳಿದಿದ್ದದ್ದು ನನ್ನಂಥ ಒಂದಿಬ್ಬರಿಗೆ ಮಾತ್ರ.

ಜಲಜಮ್ಮನ ತವರು ಹೊಳಲೂರು. ಹೊಳೆಯ ಮಗ್ಗುಲಲ್ಲೇ ಬೆಳೆದ ಹುಡುಗಿ, ಒಂಬತ್ತನೆಯ ವಯಸ್ಸಿನಲ್ಲಿ ನಡುಹೊಳೆಯಲ್ಲಿ ತೆಪ್ಪ ವಾಲಿ ನೀರಿಗೆ ಬಿದ್ದಳು. ಯಾರೋ ಜಡೆ ಹಿಡಿದು ಎಳೆದು ಉಳಿಸಿದರು. ಅಂದಿನಿಂದ ಆಕೆ ನೀರಿಗಿಳಿದಿಲ್ಲ. ಇಂದಿಗೂ ಭದ್ರಾವತಿಗೆ ಹೋಗುವಾಗ ಬಸ್ಸು ತುಂಗೆಯ ಸೇತುವೆಗೆ ಏರಿತೆಂದರೆ ಕಣ್ಣು ಮುಚ್ಚಿ ಗಂಡನ ಕೈ ಹಿಡಿಯುತ್ತಾರೆ. ನಲವತ್ತಮೂರು ವರ್ಷ ಆ ಹಿಡಿತವನ್ನು ಅನುಭವಿಸಿದ ಷಡಕ್ಷರಪ್ಪನವರಿಗೆ ಒಂದೇ ಒಂದು ಆಸೆ: ಹೆಂಡತಿಯ ಜೊತೆ ಒಮ್ಮೆ, ಆಕೆಯ ಕಣ್ಣು ತೆರೆದಿರುವಾಗ, ನೀರಿನ ಮೇಲೆ ಕೂರಬೇಕು. ತೆಪ್ಪ ಬೇಡ, ಮಾಡಿಲ್ಲದ ಬಯಲು ದೋಣಿಯೂ ಬೇಡ. ಇಪ್ಪತ್ತೆರಡಡಿ ಉದ್ದದ ಈ ಕ್ರೂಸರಿನಲ್ಲಿ ಪುಟ್ಟ ಕೋಣೆಯಿದೆ, ಬಾಗಿಲಿದೆ, ಬಾಗಿಲಿಗೆ ಒಳಗಿನಿಂದ ಚಿಲಕವಿದೆ. ಚಿಲಕ ಅವರು ಹೇಳಿ ಹಾಕಿಸಿದ್ದು.

ದೋಣಿಯ ಸುದ್ದಿ ಕೇಳಿದ ಜಲಜಮ್ಮ ನಾಲ್ಕು ದಿನ ತಮ್ಮ ಹೊಲಿಗೆಯಲ್ಲೇ ಇದ್ದರು. ದೋಣಿಯನ್ನು ಮನೆಯ ಪಕ್ಕದ ಖಾಲಿ ಜಾಗದಲ್ಲಿ ನಿಲ್ಲಿಸಲು ಗಂಡ ಮರದ ಆಸರೆಯೊಂದನ್ನು ಮಾಡತೊಡಗಿದ್ದರು. ತೊಟ್ಟಿಲು ಎಂದು ಅವರೇ ಅದಕ್ಕೆ ಹೆಸರಿಟ್ಟಿದ್ದರು. ಐದನೆಯ ದಿನ ಆಕೆ ಬಂದು ಅದರ ಪಕ್ಕ ನಿಂತರು. ನಾನೂ ಅಲ್ಲಿದ್ದೆ.

“ನೀರನ್ನ ನಾನು ನಂಬಲ್ಲ. ನಿಮ್ಮ ಮರಗೆಲಸ ನಂಬ್ತೀನಿ. ಆ ದೋಣಿ ಈ ತೊಟ್ಟಿಲಲ್ಲಿ ಅಲ್ಲಾಡದೆ ಕೂತ್ರೆ ಹತ್ತುತೀನಿ. ಅಲ್ಲಾಡಿದ್ರೆ ಮತ್ತೆ ಯಾವತ್ತೂ ನನ್ನ ಕರೀಬಾರ್ದು.”

ಷಡಕ್ಷರಪ್ಪನವರು ನಕ್ಕರು. ಅವರಿಗೆ ಇದಕ್ಕಿಂತ ಹಗುರವಾದ ಷರತ್ತು ಯಾರು ತಾನೆ ಹಾಕಿಯಾರು?

ನಾಲ್ಕು ತಿಂಗಳಲ್ಲಿ ಬರಬೇಕಾದ ದೋಣಿ ಏಳು ತಿಂಗಳು ತೆಗೆದುಕೊಂಡಿತು. ಕೇರಳದ ಕಡಲ ತೀರದ ಯಾವುದೋ ಊರಿನಲ್ಲಿ ಅದನ್ನು ಕಟ್ಟುತ್ತಿದ್ದರು. ಅಲ್ಲಿ ಕನ್ನಡ ಬಲ್ಲ ಸತೀಶ್ ಎಂಬ ನೌಕರನಿಗೆ ಇವರು ಪ್ರತಿ ಸೋಮವಾರ ಹತ್ತು ಗಂಟೆಗೆ ಫೋನು ಮಾಡುವರು. ಸುಮಾರು ಹದಿನೈದು ದಿನವಾಗಬಹುದು ಸಾರ್ ಎಂದು ಆತ ಹೇಳುವುದು, ಸುಮಾರು ಅಂದರೆ ಎಷ್ಟು ಎಂದು ಇವರು ಕೇಳುವುದು. ಆರನೆಯ ತಿಂಗಳಿಗೆ ಆ ಬಡಪಾಯಿ ಕೇಳುವ ಮೊದಲೇ “ಹದಿನಾರು ದಿನ ಸಾರ್” ಎನ್ನುವಷ್ಟು ಪಳಗಿದ್ದ. ಹದಿನಾರನೆಯ ದಿನ ದೋಣಿ ಬರಲಿಲ್ಲವೆಂಬುದು ಬೇರೆ ಮಾತು, ಆದರೆ ಷಡಕ್ಷರಪ್ಪನವರಿಗೆ ಕೋಪ ಬರಲಿಲ್ಲ. ಖಚಿತವಾದ ಸುಳ್ಳಿಗೆ ಅವರಲ್ಲಿ ಕ್ಷಮೆಯಿದೆ.

ಕಾಯುವುದರಲ್ಲಿ ಅಷ್ಟು ಸುಖಪಟ್ಟವರನ್ನು ನಾನು ಬೇರೆ ಕಂಡಿಲ್ಲ. ದೋಣಿಯ ಕಾರ್ಖಾನೆಯವರು ಕಳಿಸಿದ್ದ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡು, ಅದರಲ್ಲಿ ಕಂಡ ಅಂಕಿಗಳ ಪ್ರಕಾರ, ಮತ್ತಿಮರದ ತೊಲೆಗಳನ್ನು ಕೊಯ್ದು, ಬೆಸೆದು, ಉಜ್ಜಿ, ಉಜ್ಜಿದ್ದನ್ನು ಮತ್ತೆ ಉಜ್ಜುತ್ತ ಮಳೆಗಾಲವಿಡೀ ತಗಡಿನ ಮಾಡಿನ ಕೆಳಗೆ ಕಳೆದರು. ಎದುರಿನ ಜಗಲಿಯಲ್ಲಿ ಜಲಜಮ್ಮ ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುವರು. ಆ ಕೌದಿಗಳ ನಾಲ್ಕು ಅಂಚೂ ನಾಲ್ಕು ಉದ್ದವೆಂದು ಇವರು ಛೇಡಿಸುವುದು, ಹೊದ್ದವರ ಕಾಲು ಮುಚ್ಚಿದರೆ ಸಾಲದೇ ಎಂದು ಆಕೆ ತಲೆಯೆತ್ತದೆ ಕೇಳುವುದು. ನಾನು ನಡುವೆ ಕುಳಿತು ಎರಡೂ ಕಡೆಯ ಕಾಫಿ ಕುಡಿಯುವುದು. ಮೂವರೂ ಸುಖವಾಗಿದ್ದೆವು.

ಕಾರ್ತಿಕದ ಒಂದು ಬುಧವಾರ ಬೆಳಿಗ್ಗೆ ಲಾರಿ ಬಂತು. ನೀಲಿ ಪಟ್ಟೆಯ ಬಿಳಿ ದೋಣಿ ಸವಳಂಗ ರಸ್ತೆಯ ಕೇಬಲ್ ತಂತಿಗಳ ಕೆಳಗೆ ತಲೆ ತಗ್ಗಿಸಿಕೊಂಡಂತೆ ನುಸುಳಿ ಬರುವಾಗ ಅಂಗಡಿಗಳವರೆಲ್ಲ ಮೆಟ್ಟಿಲಿಗೆ ಬಂದು ನಿಂತರು. ತ್ಯಾವರೆಕೊಪ್ಪದ ಸಫಾರಿಯಲ್ಲಿ ಹುಲಿ ತೋರಿಸಲು ನೆಂಟರನ್ನು ಹೊರಡಿಸಿದ್ದ ಎದುರುಮನೆಯವರು ಹುಲಿಯನ್ನು ಮಧ್ಯಾಹ್ನಕ್ಕೆ ಮುಂದೂಡಿದರು. ಭದ್ರಾವತಿಯಿಂದ ಹೊನ್ನಯ್ಯ ಕ್ರೇನು ತರಿಸಿದ್ದರು. ಇವರೊಂದಿಗೆ ಕಾರ್ಖಾನೆಯಲ್ಲಿ ಕ್ರೇನು ನಡೆಸುತ್ತಿದ್ದ ಆ ಹಳೆಯ ಗೆಳೆಯ, ಯಂತ್ರಗಳ ಗದ್ದಲದಲ್ಲಿ ಬಾಳಿದವರಾದ್ದರಿಂದ ಬಾಯಿಗಿಂತ ಕೈಯಲ್ಲೇ ಹೆಚ್ಚು ಮಾತಾಡುವವರು. ಅವರು ಬೆರಳು ಮಡಿಸಿದರೆ ದೋಣಿ ಏರಿತು, ಅಂಗೈ ಇಳಿಸಿದರೆ ಇಳಿಯಿತು. ಮೆಲ್ಲಗೆ ತೊಟ್ಟಿಲೊಳಗೆ ಕುಳಿತಿತು.

ಜಲಜಮ್ಮ ಕೈ ಒರೆಸಿಕೊಳ್ಳುತ್ತ ಬಂದು, ಅದರ ಮಗ್ಗುಲಿಗೆ ಅಂಗೈಯೂರಿ ನೂಕಿದರು. ದೋಣಿ ಅತ್ತ ವಾಲಿ, ಟಕ್ಕೆಂದು ಕಂಬಕ್ಕೆ ತಾಗಿ, ಇತ್ತ ವಾಲಿತು.

ಆಕೆಯ ಕೈ ತಾನಾಗಿ ಹಿಂದಕ್ಕೆ ಬಂತು. ಒಂಬತ್ತು ವರ್ಷದ ಹುಡುಗಿಯೊಬ್ಬಳ ಮುಖವನ್ನು ಅರವತ್ತೈದರ ಹೆಂಗಸಿನಲ್ಲಿ ನಾನು ಅಂದು ಕಂಡೆ, ಮತ್ತು ಕಂಡದ್ದಕ್ಕೆ ಸಂಕಟಪಟ್ಟೆ.

ಷಡಕ್ಷರಪ್ಪನವರು ಸ್ಕೇಲು ತೆಗೆದರು. ಕಂಬಗಳ ನಡುವಿನ ಅಗಲ ಎಂಟಡಿ, ಸರಿಯಾಗಿದೆ. ನಕ್ಷೆಯಲ್ಲೂ ದೋಣಿಯ ಅಗಲ ಎಂಟಡಿ. ಆದರೆ ದೋಣಿಯನ್ನು ಅಳೆದರೆ ಏಳಡಿ ಹತ್ತಿಂಚು! ಕೂಡಲೇ ಸತೀಶನಿಗೆ ಫೋನು ಹೋಯಿತು. ಎರಡಿಂಚು ಕಡಿಮೆ ಮಾಡಿ ಕಳಿಸಿದ್ದೀರೆಂದು ಇವರು, ತಾಯಾಣೆಗೂ ಇಲ್ಲವೆಂದು ಆತ. ನಾನು ಮನೆಗೆ ಹೋಗಿ ನನ್ನ ಬಟ್ಟೆಯಂಗಡಿಯ ಟೇಪನ್ನು ತಂದೆ. ಅದರಲ್ಲಿ ದೋಣಿ ಸರಿಯಾಗಿ ಎಂಟಡಿಯಿತ್ತು, ತೊಟ್ಟಿಲು ಎಂಟಡಿ ಎರಡಿಂಚು. ಹೊನ್ನಯ್ಯ ಗೆಳೆಯನ ಕೈಯಿಂದ ಸ್ಕೇಲನ್ನು ತೆಗೆದುಕೊಂಡು, ಅದರ ಬೆನ್ನು ಮೇಲಾಗಿಸಿ, ಹೆಬ್ಬೆರಳಿನಿಂದ ತಿಕ್ಕಿ, ಬಿಸಿಲಿಗೆ ಹಿಡಿದು ನೋಡಿದರು.

“ಇದು ಕುಗ್ಗಿನ ಸ್ಕೇಲು ಮಾರಾಯ,” ಎಂದರು. “ನಮ್ಮ ಪ್ಯಾಟರ್ನ್ ಶಾಪಿಂದು.”

ಉಕ್ಕು ಕುಗ್ಗುವುದನ್ನು ಪ್ರತಿಸಲ ಲೆಕ್ಕ ಹಾಕುವ ತೊಂದರೆ ಬೇಡವೆಂದು ಆ ಕಸುಬಿನವರಿಗೆ ಬೇರೆಯೇ ಸ್ಕೇಲಿರುತ್ತದೆ. ಅದರ ಒಂದಡಿ ನಮ್ಮ ನಿಮ್ಮ ಒಂದಡಿಗಿಂತ ಕಾಲಿಂಚು ಉದ್ದ. ನಿವೃತ್ತಿಯ ದಿನ ಪೆಟ್ಟಿಗೆಯಲ್ಲಿದ್ದ ಎರಡು ಸ್ಕೇಲುಗಳಲ್ಲಿ ಕೈಗೆ ಹೆಚ್ಚು ಒಗ್ಗಿದ್ದನ್ನು ಇವರು ತಂದಿದ್ದರು. ಬೆನ್ನಿನ ಗುರುತು ಹೆಚ್ಚುಕಡಿಮೆ ಸವೆದುಹೋಗಿತ್ತು. ಹನ್ನೊಂದು ವರ್ಷ ಮರ, ಗೋಡೆ, ಲೋಟ, ಲೋಕವನ್ನೆಲ್ಲ ಅದರಿಂದಲೇ ಅಳೆದಿದ್ದರು. ನನ್ನ ಕಪಾಟಿನ ಒಂದೂವರೆ ಇಂಚು ಎಲ್ಲಿಂದ ಬಂತೆಂದು ನನಗೂ ಅಂದೇ ಹೊಳೆದದ್ದು.

ಷಡಕ್ಷರಪ್ಪನವರು ತೊಟ್ಟಿಲಿನ ತೊಲೆಯ ಮೇಲೆ ಕುಳಿತುಬಿಟ್ಟರು. ಆಮೇಲೆ ಹೆಂಡತಿಗೆ, “ನಂದೇ ತಪ್ಪು. ಮಾತಿಗೆ ತಪ್ಪಲ್ಲ. ನಿನ್ನ ಕರಿಯಲ್ಲ,” ಎಂದರು. ನನಗೆ ಕೆಡುಕೆನಿಸಿತು. ತಪ್ಪಿಗಲ್ಲ, ಆ ಮನುಷ್ಯ ಆಸೆಯನ್ನು ಅಷ್ಟು ಅಚ್ಚುಕಟ್ಟಾಗಿ ಮಡಿಸಿಟ್ಟ ರೀತಿಗೆ.

ಜಲಜಮ್ಮ ಕಂಬಕ್ಕೂ ದೋಣಿಗೂ ನಡುವಿನ ಸಂದಿನೊಳಕ್ಕೆ ಬೆರಳು ತೂರಿಸಿ ನೋಡುತ್ತಿದ್ದರು.

“ಒಂದು ಮಗ್ಗುಲಿಗೆ ಎಷ್ಟು ಬರುತ್ತೆ ಇದು?”

ಸ್ಕೇಲು ಹೊನ್ನಯ್ಯನ ಕೈಯಲ್ಲಿತ್ತು. ಷಡಕ್ಷರಪ್ಪನವರು ಅದಕ್ಕೆ ಕೈ ಚಾಚಲಿಲ್ಲ.

“ಸುಮಾರು ಒಂದಿಂಚು,” ಎಂದರು.

ಆಕೆ ಒಳಗೆ ಹೋಗಿ ಎರಡು ಕೌದಿ ತಂದರು. ದೋಣಿಯನ್ನು ತುಸು ಎತ್ತಿಸಲು ಹೊನ್ನಯ್ಯನಿಗೆ ಅವರದೇ ಭಾಷೆಯಲ್ಲಿ ಬೆರಳು ಮಡಿಸಿ ತೋರಿಸಿದರು. ದೋಣಿ ಏರಿತು. ಕೌದಿಗಳನ್ನು ಉದ್ದಕ್ಕೆ ಮಡಿಸಿ, ಎರಡೂ ಮಗ್ಗುಲಿನ ಕಂಬಗಳ ಒಳಮೈಗೆ ತಾವೇ ಹಾಸಿ, ಹಗ್ಗದಿಂದ ಬಿಗಿದರು. ಯಾವ ಅಂಚೂ ಯಾವುದಕ್ಕೂ ಸರಿಹೊಂದಲಿಲ್ಲ, ಅದರಿಂದ ತೊಂದರೆಯೂ ಆಗಲಿಲ್ಲ. ದೋಣಿ ಇಳಿಯಿತು. ಆಕೆ ಅಂಗೈಯಿಂದ ನೂಕಿದರು, ಆಮೇಲೆ ಭುಜಕೊಟ್ಟು ನೂಕಿದರು. ಅದು ಅಲುಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಏಣಿಗೆ ಕಾಲಿಟ್ಟರು. ಅದೂ ಆ ಸ್ಕೇಲಿನದೇ ಏಣಿ, ಮೆಟ್ಟಿಲುಗಳು ಒಂದಿಷ್ಟು ಎತ್ತರ. ಷಡಕ್ಷರಪ್ಪನವರು ಕೆಳಗಿನಿಂದ ಹಿಡಿದುಕೊಂಡರು.

ಮರುದಿನ ಅವರು ಒಂದು ಬುಟ್ಟಿ ಗಾರೆ ತಂದು, ನನ್ನ ಹೆಂಡತಿಯ ಎದುರೇ, ಕಪಾಟಿನ ಸುತ್ತ ನಮ್ಮ ಗೋಡೆಯ ಕೆತ್ತಿದ ಅಂಚನ್ನು ಮೆತ್ತಿ ಸರಿಮಾಡಿದರು. ನನ್ನ ಟೇಪನ್ನು ಬೈದದ್ದು ತಪ್ಪಾಯಿತೆಂದು ನನಗೆ ಹೇಳಲಿಲ್ಲ, ಮೇಜಿನ ಮೇಲಿದ್ದ ಟೇಪಿಗೇ ಹೇಳಿದರು. ಖಾಕಿ ಕೋಟಿನಲ್ಲಿ ಹಳೆಯ ಸ್ಕೇಲು ಹಾಗೆಯೇ ಇದೆ. ಬಿಡಬಾರದೇ ಎಂದರೆ, ಜೇಬು ಅದರ ಅಳತೆಗೇ ಹೊಲಿದದ್ದಲ್ಲವೇ ಎನ್ನುತ್ತಾರೆ.

ಹನ್ನೆರಡನೆಯ ದಿನ ದೋಣಿ ಮತ್ತೆ ಲಾರಿಯೇರಿ ಹೋಗಿ ತುಂಗೆಯ ಅಣೆಕಟ್ಟಿನ ಹಿನ್ನೀರಿಗೆ ಇಳಿಯಿತು. ನಾನು ಹಿಂಬದಿಯಲ್ಲಿ ಕುಳಿತಿದ್ದೆ. ಜಲಜಮ್ಮ ಕೋಣೆಯೊಳಗೆ ಹೋಗಿ ಚಿಲಕ ಹಾಕಿಕೊಂಡರು. ಷಡಕ್ಷರಪ್ಪನವರು ಚುಕ್ಕಾಣಿ ಹಿಡಿದು, ಹಿಂದಿರುಗಿ ನೋಡದೆ, ಒಂದೇ ವೇಗದಲ್ಲಿ ನಡೆಸಿದರು. ದಡ ದೂರವಾಗಿ, ನೀರೊಂದೇ ಸುತ್ತ ಉಳಿದಾಗ ಚಿಲಕದ ಸದ್ದಾಯಿತು. ಆಕೆ ಹೊರಗೆ ಬಂದು, ಗಂಡನ ಪಕ್ಕದ ಸೀಟಿನಲ್ಲಿ ಕುಳಿತು, ಕಣ್ಣು ತೆರೆದುಕೊಂಡೇ ನಾಲ್ಕೂ ಕಡೆ ನೋಡಿದರು.

“ಇಷ್ಟೇನಾ ಇದು,” ಎಂದರು.

ಐವತ್ತಾರು ವರ್ಷದ ಭಯ ತಣ್ಣಗಾಗಿ ತನ್ನ ನಿಜವಾದ ಅಳತೆಗೆ ಬಂದ ಸದ್ದು ಅದು. ಆಕೆಯ ಕೈ ಷಡಕ್ಷರಪ್ಪನವರ ಕೈಯಲ್ಲಿತ್ತು, ಈ ಸಲ ಹಿಡಿದವರು ಅವರು.

ಇಂಥವರು ನಮ್ಮ ಊರುಗಳಲ್ಲಿ ಅಲ್ಲಲ್ಲಿ ಇದ್ದಾರೆ. ಬಯಸಿದ್ದು ಕೈಗೆ ಬರುವಷ್ಟರಲ್ಲಿ ಕುಗ್ಗುತ್ತದೆಂದು ಕಸುಬಿನಿಂದಲೇ ಬಲ್ಲವರು, ಹಾಗೆಂದು ಬಯಸುವುದನ್ನು ಬಿಡದವರು. ಆಸೆಯನ್ನು ಒಂದಿಷ್ಟು ದೊಡ್ಡದಾಗಿಯೇ ಕೊಯ್ದು, ಉಜ್ಜಿ, ನುಣುಪು ಮಾಡಿ, ಅದರ ಪಕ್ಕದಲ್ಲಿ ಕಾಯುತ್ತ ಕೂರುವವರು. ಲೋಕ ಅವರ ಅಳತೆ ತಪ್ಪೆಂದು ತೋರಿಸುತ್ತದೆ, ತೋರಿಸುವುದು ಸರಿಯೂ ಹೌದು. ಆದರೆ ಅವರು ಉಳಿಸಿದ ಸಂದಿನಲ್ಲೇ ಇನ್ನೊಬ್ಬರು ಬಂದು ತಮ್ಮ ಕೌದಿಯನ್ನು ಇಡಲು ಜಾಗವಾಗುತ್ತದೆ. ಅಚ್ಚುಕಟ್ಟಾಗಿ ಅಳೆದು ಬಾಳಿದ ನಮ್ಮಂಥವರ ಬದುಕಿನಲ್ಲಿ ಆ ಒಂದಿಂಚು ಜಾಗವೇ ಇರುವುದಿಲ್ಲ.