ಮೌಸ್ ಮುಟ್ಟದ ಸರೋಜಕ್ಕ

ದಾವಣಗೆರೆಯ ಕೊಟ್ಟೂರಪ್ಪನವರ ಬಿತ್ತನೆಬೀಜದ ಅಂಗಡಿಗೆ ಕಂಪ್ಯೂಟರ್ ಬಂದ ದಿನವೇ ಸರೋಜಕ್ಕನ ಟೈಪ್‌ರೈಟರ್ ಅಟ್ಟ ಸೇರಿತು. ಹರಿಹರದಿಂದ ದಿನಾ ಬಸ್ಸಿಗೆ ಬಂದು, ಹಳ್ಳಿಹಳ್ಳಿಯ ಏಜೆಂಟರಿಗೆ ಕಾಗದ ಹೊಡೆಯುತ್ತ ಇಪ್ಪತ್ತು ವರ್ಷ ಸವೆಸಿದವಳು ಆಕೆ. ಕಾಗದ ಒಂದೇ, ಹೆಸರು ಊರು ಮಾತ್ರ ಬೇರೆ. ‘ಬೀಜ ಬಂದಿದೆ, ಬೇಗ ಬಂದು ಒಯ್ಯಿರಿ’ ಅನ್ನುವುದನ್ನು ಎಷ್ಟು ಸಲ ಹೊಡೆದಿದ್ದಳೋ ಆ ಶಿವನೇ ಬಲ್ಲ.

ಎಲ್ಲರೆದುರು ಮೌಸ್ ಹಿಡಿದಳು. ಪರದೆಯ ಮೇಲಿನ ಬಾಣ, ಹಿಡಿಯಲು ಹೋದರೆ ತಪ್ಪಿಸಿಕೊಳ್ಳುವ ಕೋಳಿಯ ಹಾಗೆ ಮೂಲೆಗೆ ಓಡಿತು. ಅಂಗಡಿಯೆಲ್ಲ ನಕ್ಕಿತು. ಹಮಾಲಿ ಕರಿಯಣ್ಣನೂ ಮೂಟೆ ಇಳಿಸಿ ನಕ್ಕ.

“ಸರೋಜಕ್ಕ, ಇದು ನಿಮ್ಮ ಕೈಲಿ ಆಗಂಗಿಲ್ಲ ಬಿಡ್ರಿ,” ಅಂದರು ಕೊಟ್ಟೂರಪ್ಪ. “ಈ ತಿಂಗಳು ಹೆಂಗೋ ನಡೆಸ್ರಿ. ಆಮ್ಯಾಲೆ ನಮ್ಮ ತಂಗಿ ಮಗ ಬಸವಕಿರಣ್ ಬರ್ತಾನೆ. ಕೋರ್ಸ್ ಮಾಡ್ಯಾನೆ. ನೀವು ಮನ್ಯಾಗೆ ಆರಾಮಾಗಿರ್ರಿ.”

ಆರಾಮಂತೆ ಆರಾಮ! ಸರೋಜಕ್ಕನ ಮೈ ಉರಿದುಹೋಯಿತು. ಈ ಕುರ್ಚಿ ಬಿಡುವುದಿಲ್ಲ, ಆ ಮೌಸನ್ನು ಮುಟ್ಟುವುದೂ ಇಲ್ಲ ಎಂದು ಅಲ್ಲೇ ಹಟ ತೊಟ್ಟಳು.

ಮರುದಿನ ನೋಡುತ್ತಾಳೆ, ಮೆನುವಿನ ಪದಗಳಲ್ಲಿ ಒಂದೊಂದು ಅಕ್ಷರದ ಕೆಳಗೆ ಗೆರೆ. ಆಲ್ಟ್ ಕೀ ಜೊತೆ ಆ ಅಕ್ಷರ ಒತ್ತಿದಳು. ಮೆನು ತೆರೆಯಿತು! ಕಂಟ್ರೋಲ್ ಎಸ್ ಒತ್ತಿದರೆ ಕಾಗದ ಉಳಿಯಿತು, ಕಂಟ್ರೋಲ್ ಪಿ ಒತ್ತಿದರೆ ಪ್ರಿಂಟಿಗೆ ಹೋಯಿತು. ಅಕ್ಷರಗಳೆಲ್ಲ ಆಕೆಯ ಬೆರಳಿಗೆ ಕಣ್ಣುಮುಚ್ಚಿದರೂ ಗೊತ್ತಿದ್ದ ಜಾಗಗಳಲ್ಲೇ ಇದ್ದವು.

ಕಂಪ್ಯೂಟರ್ ಜೊತೆ ಬಂದ ದಪ್ಪ ಪುಸ್ತಕದಲ್ಲಿ ಮ್ಯಾಕ್ರೊ ಅನ್ನುವುದು ಸಿಕ್ಕಿತು. ನಾವು ಒಮ್ಮೆ ಮಾಡಿ ತೋರಿಸಿದ ಕೆಲಸವನ್ನು ಯಂತ್ರ ಸಾಲುಸಾಲಾಗಿ ಬರೆದಿಟ್ಟುಕೊಂಡು, ಆಮೇಲೆ ತಾನೇ ಮಾಡುತ್ತದಂತೆ. ಒಂದು ಕಾಗದ ಹೊಡೆದು ತೋರಿಸಿ, ಉಳಿದದ್ದನ್ನು ಯಂತ್ರಕ್ಕೆ ಬಿಟ್ಟಳು. ಮೊದಲ ಸಲ ಬಂದ ಕಾಗದಗಳೆಲ್ಲ ಏಜೆಂಟರ ಪಟ್ಟಿಯಲ್ಲಿ ಮೊದಲಿದ್ದ ನಂದಿಗುಡಿಯ ಕಲ್ಲೇಶಪ್ಪನೊಬ್ಬನಿಗೇ! ಆ ಸಾಲುಗಳನ್ನು ಬಿಚ್ಚಿ ನೋಡಿದಳು. ಮುಂದಿನ ಹೆಸರಿಗೆ ಹೋಗು ಎಂದು ಹೇಳುವ ಸಾಲೇ ಇರಲಿಲ್ಲ. ಸೇರಿಸಿದಳು. ಮುಂದಿನ ಕಾಗದ ಗುತ್ತೂರಿನ ಏಜೆಂಟರ ಹೆಸರಿಗೆ ಬಂತು. ಸರೋಜಕ್ಕನಿಗೆ ನಗು ಬಂತು, ಹಿಂದೆಯೇ ಅಳು ಬಂತು. ಇಷ್ಟು ವರ್ಷ ಬೆರಳು ಸವೆಸಿದ್ದಕ್ಕೆ ಸಿಟ್ಟೂ ಬಂತು.

ತಿಂಗಳ ಕೊನೆಗೆ ಕೊಟ್ಟೂರಪ್ಪ ಬಸವಕಿರಣನನ್ನು ಕರೆತಂದರು. “ಏಳ್ರಿ ಸರೋಜಕ್ಕ, ಹುಡುಗ ಕೂಡ್ಲಿ.”

ಆಕೆ ಏಳಲಿಲ್ಲ. ಮೌಸಿನ ವೈರು ಕಿತ್ತು, ವೈರು ಹಿಡಿದೇ ಮೌಸನ್ನು ಎತ್ತಿ ಅವರ ಅಂಗೈಗೆ ಇಳಿಸಿದಳು. “ಇದನ್ನ ಹಿಡ್ಕಳ್ರಿ.” ಎರಡು ಕೀ ಒತ್ತಿ ಕೈಕಟ್ಟಿ ಕೂತಳು. ಪ್ರಿಂಟರ್ ಕರಕರ ಎನ್ನುತ್ತ ಕಾಗದ ಉಗುಳತೊಡಗಿತು. ನಂದಿಗುಡಿ, ಗುತ್ತೂರು, ಆನೆಕೊಂಡ...

“ಏನ್ರೀ, ಸುಮ್ನೆ ಕುಂತೀರಿ?”

“ಇಪ್ಪತ್ತು ವರ್ಷ ನಾನು ಹೊಡದೀನಿ. ಇನ್ನು ಅದು ಹೊಡೀಲಿ.”

ಕೊಟ್ಟೂರಪ್ಪ ಸೋಲುವ ಆಸಾಮಿಯಲ್ಲ. “ಹಂಗಾದ್ರೆ ನೀವ್ಯಾಕ ಬೇಕು? ಎರಡು ಕೀ ಇವನೂ ಒತ್ತಾನೆ.”

ಸರೋಜಕ್ಕ ಮತ್ತೆ ಕೀ ಒತ್ತಿ ಮ್ಯಾಕ್ರೊದ ಸಾಲುಗಳನ್ನು ಪರದೆಗೆ ತಂದಳು. “ಒತ್ತಲಿ. ನಾಳೆ ಕಾಗದ ಬದಲಾದ್ರೆ ಈ ಸಾಲುಗಳನ್ನ ಬರೆಯೋದು ಯಾರು?”

ಬಸವಕಿರಣ್ ಅಷ್ಟರಲ್ಲಿ ಪರದೆಗೆ ಕಣ್ಣು ನೆಟ್ಟಿದ್ದ. “ಮಾಮ, ಇದನ್ನ ನಮ್ಮ ಕೋರ್ಸ್‌ನಾಗೆ ಕಲಿಸಿಲ್ಲ. ಅಕ್ಕಾರೇ, ನಂಗೂ ಹೇಳ್ಕೊಡ್ತೀರೇನು?”

ಕೊಟ್ಟೂರಪ್ಪ ಬಾಲದಂತೆ ವೈರು ಜೋತ ಮೌಸ್ ಹಿಡಿದುಕೊಂಡು ನಿಂತೇ ಇದ್ದರು.

“ಕೊಡ್ತೀನಿ,” ಅಂದಳು ಸರೋಜಕ್ಕ. “ಹೋಗಿ ಇನ್ನೊಂದು ಕುರ್ಚಿ ತಗಂಬಾ. ಇದು ನಂದು.”